ಪಂಚಮಿಗೆ ಕೇಳಬೇಕಾದ ಪ್ರಶ್ನೆ

ಆಪಾ ಅವರ ಎಡಗಿವಿಯ ಹಾಲೆ ಎರಡು ಸೀಳಾಗಿತ್ತು. ನರ್ಸ್ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹೆರಿಗೆಬೇನೆ ತಿನ್ನುತ್ತಿದ್ದ ಹೆಣ್ಣುಮಗಳೊಬ್ಬಳು ಕೈಗೆ ಸಿಕ್ಕ ಓಲೆಯನ್ನೇ ಹಿಡಿದು ಜಗ್ಗಿದ್ದಳಂತೆ. ಅಂದಿನಿಂದ ಬಲಗಿವಿಗೆ ಮಾತ್ರ ಓಲೆ. ಯಾರಾದರೂ ಕೇಳಿದರೆ, "ಒಂದು ಕಿವಿ ಚಂದ ಕಾಣಾಕ, ಇನ್ನೊಂದು ಕೇಳಾಕ" ಎನ್ನುತ್ತಿದ್ದರು.

ನಾನು ಅವರನ್ನು ಕಂಡದ್ದು ಎಂಬತ್ತರ ದಶಕದಲ್ಲಿ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ಒಂದು ಅಧ್ಯಯನ ನಡೆದಿತ್ತು. ಅವೇ ಮನೆ, ಅವೇ ಮಂದಿ, ವರ್ಷಕ್ಕೊಮ್ಮೆ ಅವೇ ಪ್ರಶ್ನೆ: ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಬದುಕು ಬೇಡ ಅನ್ನಿಸುತ್ತದೆಯೇ. ಹೇಳಿದ್ದನ್ನು ಫಾರ್ಮಿಗೆ ತುಂಬುವುದು ನನ್ನ ಕೆಲಸ. ಆಗಷ್ಟೇ ಬಿ.ಎ. ಮುಗಿಸಿದ ಹುಡುಗಿ, ಜಂಬಕ್ಕೇನೂ ಕೊರತೆ ಇರಲಿಲ್ಲ. ಆಪಾ ಆಳಂದದವರು, ನಿವೃತ್ತ ನರ್ಸ್; ಊರಿಗೆಲ್ಲ 'ಆಪಾ', ಅಂದರೆ ಅಕ್ಕ. ಹಳ್ಳಿಯ ಮಂದಿ ನಮ್ಮನ್ನು ನಂಬಲಿ ಎಂದು ಅವರನ್ನು ಕರೆದುಕೊಂಡಿದ್ದರು. ಕಾಗದದಲ್ಲಿ ಅವರ ಹೆಸರಿನ ಮುಂದೆ 'ಪರಿಣತ ಸಹಯೋಗಿ' ಎಂದು ಅಚ್ಚಾಗಿತ್ತು. ಅರ್ಥ ಬಿಡಿಸಿ ಹೇಳಿದೆ. "ಯಾ ಅಲ್ಲಾ! ಜನ್ಮೆಲ್ಲಾ ನರ್ಸಬಾಯಿ ಅಂದ್ರು, ಮುದಿಕಿ ಆದಮ್ಯಾಲ ಇಷ್ಟುದ್ದ ಹೆಸರೇನ ಬೇ?" ಎಂದು ಹೊಟ್ಟೆ ಹಿಡಿದು ನಕ್ಕರು.

ಗಂಡಸರ ಕರಿಕೊಡೆ ಹಿಡಿದು ನಡೆಯುವರು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ನಾಚಿಕೆಯಿಲ್ಲದೆ ಜಗಳ ತೆಗೆಯುವರು. ನಾನು ಬಾಗಿಲಲ್ಲೇ ಪೆನ್ನು ತೆರೆದರೆ, "ನಿಂತು ಕೇಳಿದ್ರ ನಿಂತ ಜವಾಬೇ ಸಿಗ್ತದ, ಕೂಡು" ಎಂದು ಗದರುವರು.

ಕೊಳಕೂರಿನ ಒಂದು ಮನೆಯಲ್ಲಿ ಎಳೆಯ ಸೊಸೆಯೊಬ್ಬಳಿದ್ದಳು. ಅತ್ತೆ ಪಕ್ಕದಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದರು. ನಾನು ಏನು ಕೇಳಿದರೂ ಆಕೆಯದು ಒಂದೇ ಮಾತು, "ಆರಾಮ ಅದೀನ್ರಿ." ಎರಡನೆಯ ವರ್ಷ ಹೋಗುವಷ್ಟರಲ್ಲಿ ಆಕೆಯ ಕೂಸು ತೀರಿಕೊಂಡಿತ್ತು. ಆಗಲೂ ಅದೇ ಉತ್ತರ. ಬರೆದುಕೊಂಡೆ. ಬೇಗ ಮುಗಿಯಿತಲ್ಲ, ಮಧ್ಯಾಹ್ನದ ಬಸ್ಸು ಸಿಗುತ್ತದೆ ಎಂದು ಖುಷಿಯೇ ಆಯಿತು. ದಾರಿಯಲ್ಲಿ ಆಪಾ, "ಅತ್ತಿ ಮುಂದ ಸೊಸಿ ಮತ್ತೇನು ಅಂದಾಳ?" ಎಂದರು. ಆ ದಿನ ಬಸ್ಸಿನಲ್ಲಿ ಕಿಟಕಿ ಸೀಟಿಗೆ ಜಗಳವನ್ನೂ ತೆಗೆಯಲಿಲ್ಲ.

ಮೂರನೆಯ ವರ್ಷ ನಾಗರ ಪಂಚಮಿಯ ದಿನ ನನ್ನನ್ನು ಅಂದೋಲಾಕ್ಕೆ ಎಳೆದುಕೊಂಡು ಹೋದರು. ಅದು ಆ ಸೊಸೆಯ ತವರು. ಹಬ್ಬಕ್ಕೆ ಬಂದಿದ್ದಳು. ಮನೆಯ ಮುಂದಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಆಪಾ ಆ ವಯಸ್ಸಿನಲ್ಲಿ ಜೋಕಾಲಿ ಏರಿ, ಆಕೆಯನ್ನು ಪಕ್ಕಕ್ಕೆ ಕೂಡಿಸಿಕೊಂಡರು. "ನಿದ್ದಿ ಹತ್ತತದೇನವಾ?" ಎಂದು ಕೇಳಿದ್ದಷ್ಟೇ. ಜೋಕಾಲಿ ತಾನಾಗಿ ನಿಂತ ಮೇಲೆ ಆಕೆ ಬಾಯಿ ಬಿಟ್ಟಳು.

"ಕೂಸು ಹೋದಾಗಿಂದ ಕಣ್ಣಿಗಿ ಕಣ್ಣು ಹತ್ತಿಲ್ರಿ ಆಪಾ. ನೀರಿಗಿ ಹೋದ್ರ ಬಾವಿ ಕರದಂಗ ಆಗ್ತದ."

ನನ್ನ ಕೈಯಲ್ಲಿ ಆಕೆಯ ತಾಯಿ ಕೊಟ್ಟ ಶೇಂಗಾ ಉಂಡೆ ಇತ್ತು. ತಿನ್ನಲಾಗಲಿಲ್ಲ. ಇನ್ನು ಮೂರು ದಿನಕ್ಕೆ ಗಂಡ ಬಂದು ಆಕೆಯನ್ನು ಅದೇ ಬಾವಿಯ ಊರಿಗೆ ಕರೆದೊಯ್ಯುವವನಿದ್ದ.

ಮರುದಿನ ಜೇವರ್ಗಿಯಲ್ಲಿ ನಮ್ಮ ಮುಖ್ಯ ಡಾಕ್ಟರನ್ನು ಕಂಡೆವು. ಮನೋವೈದ್ಯರು, ಕೆಟ್ಟವರಲ್ಲ. "ಔಷಧಿ ಖಂಡಿತ ಕೊಡೋಣ. ಆದರೆ ಫಾರ್ಮನ್ನು ಗಂಡನ ಮನೆಯಲ್ಲೇ ತುಂಬಬೇಕು. ಕೇಳುವ ಜಾಗ ಬದಲಾದರೆ ಹಿಂದಿನ ಎರಡು ವರ್ಷದ ಉತ್ತರಕ್ಕೆ ಇದು ಕೂಡುವುದಿಲ್ಲ" ಎಂದರು.

"ಎರಡು ವರ್ಷ ಸುಳ್ಳು ಬರದೀವ್ರಿ. ಮೂರನೇ ವರ್ಷಾನೂ ಅದನ್ನೇ ಬರೀರಿ, ಚಂದ ಕೂಡ್ತದ" ಎಂದರು ಆಪಾ. "ಔಷಧ ಅಲ್ಲಿ ಯಾರು ಕುಡಸ್ತಾರ್ರಿ? ಆ ಮನ್ಯಾಗ ಆಕಿ ಆರಾಮ ಅದಾಳಲ್ರಿ!"

ಡಾಕ್ಟರು ಹಿಂದಿನ ವರ್ಷದ ಫಾರ್ಮನ್ನು ತೆಗೆದು ನೋಡಿದರು. ಅದರಲ್ಲಿದ್ದ ಅಕ್ಷರ ನನ್ನದು. ಆಮೇಲೆ ಎದ್ದು, ತಾವೇ ಜೀಪು ಹತ್ತಿ ನಮ್ಮೊಂದಿಗೆ ಅಂದೋಲಾಕ್ಕೆ ಬಂದರು. ಆ ದಿನವೇ ಔಷಧಿ ಸುರುವಾಯಿತು.

ಗಂಡ ಬಂದ ದಿನ ಆಪಾ ಬೆಳಿಗ್ಗೆಯೇ ಹೋಗಿ ಆ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಅವನಿಗೆ ತಮ್ಮ ಕೈಯಾರೆ ಎಲೆ ಮಡಚಿ ಕೊಟ್ಟರು. "ಏನಾಗ್ಯಾದರಿ ಆಕಿಗಿ? ಉಣ್ಣತಾಳ, ತಿರಗ್ಯಾಡತಾಳ" ಎಂದ.

"ಕಾಲು ಮುರದಿದ್ರ ನಡಸ್ಕೋತ ಒಯ್ತಿದ್ದೇನಪಾ?"

"ಇಲ್ರಿ ಆಪಾ."

"ಮುರದದ. ಕಾಣಂಗಿಲ್ಲ ಅಷ್ಟ. ದೀಪಾವಳಿ ತನಕ ಬಿಡು."

ಅವನು ಎಲೆ ಜಗಿದು ಮುಗಿಸಿ, ಒಬ್ಬನೇ ಬಸ್ಸು ಹತ್ತಿದ. ಆಕೆ ಉಳಿದಳು. ಮರುವರ್ಷ ಪಂಚಮಿಗೆ ಹೋದಾಗ ಜೋಕಾಲಿಯನ್ನು ಎಷ್ಟು ಎತ್ತರಕ್ಕೆ ಜೀಕಿದಳೆಂದರೆ, ಆಪಾ ಕೆಳಗಿನಿಂದ ಚೀರುತ್ತಿದ್ದರು. ಅಂದಿನಿಂದ ಸೊಸೆಯಂದಿರನ್ನು ತವರಿನಲ್ಲೂ ಕೇಳಬೇಕೆಂದು ಡಾಕ್ಟರು ಬೇರೆ ಫಾರ್ಮನ್ನೇ ಮಾಡಿಸಿದರು.

ಆಪಾ ತೀರಿಕೊಂಡದ್ದು ತೊಂಬತ್ತರ ದಶಕದಲ್ಲಿ. ಅದಕ್ಕೆ ಎಂಟು ದಿನ ಮೊದಲು ಆಳಂದಕ್ಕೆ ಹೋಗಿ ನೋಡಿದ್ದೆ. ಹಿಡಿಯಷ್ಟಾಗಿದ್ದರು. ಮಗ ತಲೆಯ ಬಳಿ ನಿಂತಿದ್ದ. ಒಳ್ಳೆಯವನು, ತಾಯಿಯನ್ನು ಚೆನ್ನಾಗಿ ನೋಡಿಕೊಂಡವನು.

"ಹ್ಯಾಂಗದೀರಿ ಆಪಾ?"

"ಆರಾಮ ಅದೀನಿ ಬೇ."

ಒಂದಿಷ್ಟು ಹೊತ್ತು ಕೂತು, ಬಸ್ಸಿಗೆ ಹೊತ್ತಾಯಿತೆಂದು ಚೀಲ ಎತ್ತಿಕೊಂಡೆ. ಬಾಗಿಲವರೆಗೂ ಹೋದೆ. ತಿರುಗಿ ನೋಡಿದರೆ ಮಗ ಹಾಗೆಯೇ ತಾಯಿಯ ತಲೆಯ ಬಳಿ ನಿಂತಿದ್ದ. ನಾಚಿಕೆಯಾಯಿತು. ಚೀಲ ಕೆಳಗಿಟ್ಟು, "ಒಂದೀಟು ಚಹಾ ಮಾಡಿಸ್ತೀರೇನ್ರಿ?" ಎಂದೆ. ಅವನು ಒಳಗೆ ಹೋದ. ನಾನು ಮಂಚದ ಅಂಚಿಗೆ ಕೂತೆ.

"ಈಗ ಹೇಳ್ರಿ ಆಪಾ."

ನನ್ನ ಮುಖ ನೋಡಿ ಹಲ್ಲಿಲ್ಲದ ಬಾಯಿ ತುಂಬ ನಕ್ಕರು. "ಕಲ್ತಿ ನೋಡ ಬೇ." ಆಮೇಲೆ ನನ್ನ ಕೈ ಹಿಡಿದುಕೊಂಡರು. "ಭಾಳ ಅಂಜಿಕಿ ಬರ್ತದ ಬೇಟಿ. ಅವನ ಮುಂದ ಹ್ಯಾಂಗ ಹೇಳ್ಲಿ?"

ಮಧ್ಯಾಹ್ನದ ಬಸ್ಸು ಹೋಯಿತು. ಸಂಜೆಯದೂ ಹೋಯಿತು. ನಾನು ಏಳಲಿಲ್ಲ.