ಹರಳೆಣ್ಣೆ ಕುಡಿದ ರೀಲು

ಹಳೇ ಸಿನಿಮಾ ರೀಲುಗಳಿಗೆ ಗೀರು ಬೀಳದಂತೆ ಲೇಪನ ಹಚ್ಚುವುದು ನನ್ನ ಕೆಲಸ. ಕೊಳ್ಳೇಗಾಲದಲ್ಲಿ ಮುಚ್ಚಿಹೋದ ಟಾಕೀಸೊಂದರ ಮಾಲೀಕರ ಬಳಿ, ಬೇರೆಲ್ಲೂ ಉಳಿದಿಲ್ಲದ ಚಿತ್ರವೊಂದರ ಪ್ರಿಂಟ್ ಇದೆಯೆಂದು ಕೇಳಿ ಓಡಿದೆ.

ನನ್ನ ಲೇಪನದ ಬಾಟಲಿ ನೋಡಿ ಅವರು ನಕ್ಕರು. "ಅದ್ಯಾಕ್ ಸಾ? ಪ್ರತಿ ಆಯುಧಪೂಜೆಗೂ ಮಿಷಿನ್ ಜೊತೆ ರೀಲ್ಗೂ ಅರಳೆಣ್ಣೆ ಸವ್ರಿ, ಅರಿಸ್ನ ಕುಂಕುಮ ಇಟ್ಟಿವ್ನಿ. ಒಂದ್ ಗೀರಿದ್ರೆ ತೋರ್ಸಿ ನೋಡಾನ!"

ರೀಲಿನ ಡಬ್ಬಿ ತೆಗೆದೆ. ಇಡೀ ರೀಲು ಅಂಟಿಕೊಂಡು ಬೆಲ್ಲದಚ್ಚಿನಂತೆ ಗಟ್ಟಿಯಾಗಿತ್ತು. ಬಿಚ್ಚಲು ಉಗುರು ತೂರಿಸುವಷ್ಟೂ ಸಂದಿಲ್ಲ. ಗೀರಂತೂ ಒಂದೂ ಇರಲಿಲ್ಲ, ಒಪ್ಪಿಕೊಂಡೆ.

"ನಿಮ್ದು ಇಷ್ಟ್ ಗಟ್ಟಿಯಾಗ್ ಇಡ್ಕತದಾ ಸಾ?" ಎಂದರು.

ಇಲ್ಲವೆಂದೆ. ನಮ್ಮ ಲೇಪನಕ್ಕೆ ಅದೊಂದು ಐಬು: ಹಚ್ಚಿದ ಮೇಲೂ ಸಿನಿಮಾ ನೋಡಬಹುದು.