ಮೇಲಿನ ಮನೆಯ ಕೂಗು ಮತ್ತು ಒಂದು ಕಾಮಿಕ್ಸ್ ಹರಾಜು

ಆ ಶುಕ್ರವಾರ ಮಧ್ಯಾಹ್ನ ಅಲ್ ಹಿಲಾಲ್‌ನ ನಮ್ಮ ಮನೆಯಲ್ಲಿ ಅಡುಗೆಯೇ ಆಗಿರಲಿಲ್ಲ. ನಾನು ಬೆಂಗಳೂರಿನ ಒಂದು ಹರಾಜಿನಲ್ಲಿದ್ದೆ. ಅಂದರೆ ದೋಹಾದ ಸೋಫಾದ ಮೇಲೆ ಕಾಲು ಮಡಚಿ ಮೊಬೈಲ್ ಹಿಡಿದು ಕೂತಿದ್ದೆ.

ಹರಾಜಿಗೆ ಕಾರಣ ಒಂದು ಕೋಣ. ಊರಿನಲ್ಲಿ ಒಬ್ಬ ಯುವ ಚಿತ್ರಕಾರ ಕನ್ನಡದಲ್ಲಿ ಕಾಮಿಕ್ಸ್ ಪುಸ್ತಕ ಮಾಡಿದ್ದ. ಅದರಲ್ಲಿ ಕೋಣವೊಂದು ಪುರಸಭೆಯ ಅಧ್ಯಕ್ಷನಾಗಿ, ಕುರ್ಚಿ ಬಿಟ್ಟು ಏಳುವುದೇ ಇಲ್ಲ. ದೊಡ್ಡ ಮನುಷ್ಯರೊಬ್ಬರಿಗೆ ಅದು ತಮ್ಮದೇ ಮುಖ ಅನ್ನಿಸಿತಂತೆ. ದೂರು ಕೊಟ್ಟರು, ಅಂಗಡಿಗಳಿಂದ ಪುಸ್ತಕ ಎತ್ತಿಸಿದರು, ಕೇಸು ಕೋರ್ಟಿಗೆ ಹೋಯಿತು. ವಕೀಲರ ಖರ್ಚಿಗೆಂದು ಕಾಮಿಕ್ಸ್ ಬರೆಯುವವರು, ಅಚ್ಚು ಹಾಕುವವರೆಲ್ಲ ಸೇರಿ ಆನ್‌ಲೈನ್ ಹರಾಜು ಇಟ್ಟಿದ್ದರು. ನನ್ನ ಕಣ್ಣಿದ್ದದ್ದು ಹರಾಜಿನ ಕೊನೆಯ ಬಾಬ್ತಿನ ಮೇಲೆ. ಅದನ್ನು ಗೆದ್ದವರನ್ನು ಮುಂದಿನ ಪುಸ್ತಕದಲ್ಲಿ ಪಾತ್ರವಾಗಿಸುತ್ತಾರೆ!

ನಾನು ಬೆಲೆ ಏರಿಸಿದೆ. ಯಾರೋ ನನ್ನನ್ನು ಹಿಂದೆ ಹಾಕಿದರು. ಅದೇ ಹೊತ್ತಿಗೆ ಮೇಲಿನ ಮನೆಯಿಂದ ‘ಹೋ!’ ಎಂಬ ಕೂಗು. ಮತ್ತೆ ಏರಿಸಿದೆ. ಮತ್ತೆ ಸೋತೆ. ಮತ್ತೆ ‘ಹೋ!’

ಪೇಪರ್ ಓದುತ್ತಿದ್ದ ನನ್ನ ಗಂಡ ಚಾವಣಿ ನೋಡಿ ನಕ್ಕರು. “ಅಲ್ವೇ, ನೀನು ಸೋತಾಗಲೇ ಅವರು ಕೂಗ್ತಾರಲ್ಲೇ?”

ಚಪ್ಪಲಿಯೂ ಇಲ್ಲದೆ ಮೆಟ್ಟಿಲು ಹತ್ತಿ ಓಡಿದೆ. ಮೇಲಿನ ಮನೆಯಾಕೆ ಪುತ್ತೂರಿನವರು, ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ. ಅದುವರೆಗೆ ನಮ್ಮ ನಡುವೆ ಇದ್ದದ್ದು ಲಿಫ್ಟಿನ ಮುಗುಳ್ನಗೆಯಷ್ಟೆ. ತಲೆವಸ್ತ್ರ ಸರಿಮಾಡಿಕೊಳ್ಳುತ್ತ ಬಾಗಿಲು ತೆರೆದವರ ಕೈಯ ಮೊಬೈಲಿನಲ್ಲಿ ಅದೇ ಕೋಣ!

“ಅಯ್ಯೋ, ನೀವಾ ಕಣ್ರೀ!”

“ಎಂತ ಮಾರಾಯ್ತಿ, ಇಷ್ಟು ಹೊತ್ತು ನಿಮಗಾ ನಾನು ಬೈದದ್ದು!”

ಇಬ್ಬರೂ ಹೊಸ್ತಿಲಲ್ಲೇ ಕುಸಿದು ನಕ್ಕೆವು. ನಗುವಷ್ಟರಲ್ಲಿ ಮೂರನೆಯವರೊಬ್ಬರು ನಮ್ಮಿಬ್ಬರನ್ನೂ ದಾಟಿ ಹೋಗಿದ್ದರು.

“ಯಲ್ಲಾ, ಬೇಗ ಬೇಗ, ಒತ್ತಿ, ಒತ್ತಿ! ಅರ್ಧ ನಂದು, ಅರ್ಧ ನಿಮ್ದು!” ಎಂದು ಮೇಲಿನ ಮನೆಯಾಕೆ ನನ್ನ ಬೆನ್ನಿಗೆ ಗುದ್ದಿದರು. ಒತ್ತಿದೆ. ಹರಾಜು ಮುಗಿದು ಗೆದ್ದವರ ಜಾಗದಲ್ಲಿ ನನ್ನ ಹೆಸರು ಮೂಡಿತು. “ಖಲಾಸ್!” ಎಂದು ಅವರು ಕೂಗಿದ್ದಕ್ಕೆ ಎದುರು ಮನೆಯವರೂ ಬಾಗಿಲು ತೆರೆದು ನೋಡಿದರು.

ಮರುದಿನ ಚಿತ್ರಕಾರ ವೀಡಿಯೊ ಕರೆ ಮಾಡಿ, ಇಬ್ಬರನ್ನೂ ಸೇರಿಸುತ್ತೇನೆ ಎಂದ. “ಹೇಗೆ ಬರೀಲಿ ಮೇಡಂ? ರಾಣಿಯರ ಥರ?”

“ರಾಣಿ ಎಲ್ಲ ಬೇಡ. ನಮ್ಮನ್ನು ಕಳ್ಳಿಯರನ್ನಾಗಿ ಮಾಡಿ. ಒಳ್ಳೆಯವಳಾಗಿ ಇದ್ದು ಇದ್ದು ನನಗೆ ಬೋರಾಗಿದೆ,” ಎಂದು ನನ್ನ ಪಕ್ಕದಲ್ಲಿದ್ದ ಮೇಲಿನ ಮನೆಯಾಕೆ ಹೇಳಿದರು.

ಅವನು ತಲೆ ಕೆರೆದುಕೊಂಡ. “ಆಮೇಲೆ ನೀವೂ ಕೇಸ್ ಹಾಕಲ್ಲ ತಾನೇ?”

ಕೆಲವು ತಿಂಗಳ ಮೇಲೆ ಪುಸ್ತಕ ಮಾರಬಹುದೆಂದು ಕೋರ್ಟು ಹೇಳಿತು. ಸುದ್ದಿ ಬಂದಾಗ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಮೇಜಿನ ಕೆಳಗೆ ಕಾಲು ತಾನಾಗಿ ಕುಣಿಯಿತು. ಪುಸ್ತಕ ನಿಷೇಧ ಎನ್ನುವುದು ಅದುವರೆಗೆ ನನಗೆ ಪತ್ರಿಕೆಯಲ್ಲಿ ಓದಿ ಮಡಚಿಡುವ ಸುದ್ದಿಯಾಗಿತ್ತು.

ಹೊಸ ಪುಸ್ತಕ ಮೇಲಿನ ಮನೆಯಾಕೆಯ ತಮ್ಮನ ಬ್ಯಾಗಿನಲ್ಲಿ ಮಂಗಳೂರಿನಿಂದ ಬಂತು. ಸಂಜೆ ಮುಶೈರಿಬ್ ಮೆಟ್ರೊ ನಿಲ್ದಾಣದಲ್ಲಿ ಅವರು ಅದನ್ನು ಹಿಡಿದು ನನಗಾಗಿ ಕಾಯುತ್ತಿದ್ದರು. ಬೆಂಚಿನ ಮೇಲೆ ಕೂತು ಬಿಡಿಸಿದೆವು. ಒಬ್ಬಳು ತಲೆವಸ್ತ್ರದವಳು, ಒಬ್ಬಳು ಜಡೆಯವಳು, ನಿದ್ದೆಹೋದ ಕೋಣವನ್ನು ಕುರ್ಚಿಸಮೇತ ಹೊತ್ತು ಓಡುತ್ತಿದ್ದಾರೆ.

“ನನ್ನ ಮೂಗು ಸ್ವಲ್ಪ ದೊಡ್ಡದಾಯ್ತಲ್ಲ?” ಎಂದು ಅವರು ಹುಬ್ಬು ಗಂಟಿಕ್ಕಿದರು. ಆಮೇಲೆ, “ಇರಲಿ, ಕಳ್ಳಿಗೆ ಒಪ್ತದೆ.”

ರೈಲು ಬಂದು ನಿಂತಿತು, ಬಾಗಿಲು ತೆರೆಯಿತು, ಮುಚ್ಚಿತು. ನಮಗಿನ್ನೂ ಅರ್ಧ ಪುಸ್ತಕ ಓದುವುದಿತ್ತು.