ಗೆರೆ ಬಿಟ್ಟು ಓಡುವವರು

ಫುಟ್‌ಬಾಲ್ ಅಂದರೆ ಕಾಲಿನ ಆಟವೆಂದು ನಾನು ನಂಬಿಕೊಂಡಿದ್ದೆ. ನನ್ನ ಹೆಂಡತಿಯ ತಮ್ಮ ಹಡಗಿನಲ್ಲಿ ಕೆಲಸ ಮಾಡುವವನು. ರಜೆ ಮುಗಿಸಿ ಹೊರಡುವಾಗ ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿಯ ಮನೆಯಲ್ಲಿ ಒಂದು ವಿಡಿಯೊ ಗೇಮ್ ಬಿಟ್ಟುಹೋದ. ಅದರಲ್ಲಿ ಚೆಂಡಿಗೆ ಕಾಲು ತಾಗುವುದೇ ಅಪರೂಪ. ಅಮೆರಿಕದವರ ಫುಟ್‌ಬಾಲಂತೆ. ಹಿಂದೆ ನಿಂತವನೊಬ್ಬ ಚೆಂಡು ಎಸೆಯುತ್ತಾನೆ, ಮುಂದೆ ಓಡಿದವರಲ್ಲಿ ಒಬ್ಬ ಅದನ್ನು ಹಿಡಿಯಬೇಕು. ಯಾರು ಎಲ್ಲಿಗೆ ಓಡಬೇಕೆಂಬುದಕ್ಕೆ ಪರದೆಯ ಮೇಲೆ ಮೊದಲೇ ಗೆರೆ ಮೂಡುತ್ತದೆ. ಇದೊಂದು ನನಗೆ ಬಹಳ ಹಿಡಿಸಿತು. ಸಾನಪಾಡಾದ ಆಫೀಸೊಂದರಲ್ಲಿ ಕಟ್ಟಡಗಳ ನಕ್ಷೆ ಬಿಡಿಸುವುದು ನನ್ನ ಕೆಲಸ. ಗೆರೆ ಎಲ್ಲಿದೆಯೋ ಗೋಡೆ ಅಲ್ಲೇ ಏಳಬೇಕು ಅನ್ನುವವನು ನಾನು.

ಆದರೆ ಈ ಓಟಗಾರರಿಗೆ ಗೆರೆಯ ಭಯವೂ ಇಲ್ಲ, ಭಕ್ತಿಯೂ ಇಲ್ಲ. ಬಲಕ್ಕೆ ತಿರುಗಬೇಕಾದವನು ನೆಟ್ಟಗೆ ಓಡುತ್ತಾನೆ. ನೆಟ್ಟಗೆ ಓಡಬೇಕಾದವನು ನಡುದಾರಿಯಲ್ಲಿ ನಿಂತು ನನ್ನತ್ತ ಮುಖ ಮಾಡುತ್ತಾನೆ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ನಾನು ಎಸೆದ ಚೆಂಡು ಎದುರಾಳಿಯ ಕೈಗೆ ಹೋಗುತ್ತದೆ. ಇಂಟರ್‌ನೆಟ್‌ನಲ್ಲಿ ಹುಡುಕಿದೆ. ಗೇಮಿನಲ್ಲೇ ದೋಷವಿದೆ ಎಂದು ಒಬ್ಬ ಬರೆದಿದ್ದ. ದೋಷವೇನಿಲ್ಲ, ಎದುರಾಳಿ ನಿಂತ ಜಾಗ ನೋಡಿ ಓಟಗಾರ ದಾರಿ ಬದಲಿಸುತ್ತಾನೆ, ಎಸೆಯುವವನೂ ಅದನ್ನೇ ಗಮನಿಸಬೇಕು ಎಂದು ಇನ್ನೊಬ್ಬ. ಇಬ್ಬರನ್ನೂ ಓದಿದ ಮೇಲೆ ಮೊದಲಿದ್ದ ತಿಳಿವಳಿಕೆಯೂ ಹೋಯಿತು.

ಹೆಂಡತಿ ಆಗ ಆರು ತಿಂಗಳ ಬಸುರಿ. ಸಂಜೆ ಕಾಲು ಚಾಚಿ ಕೂತವಳು ಇನ್ನೊಂದು ರಿಮೋಟ್ ಎತ್ತಿಕೊಂಡಳು. ಎಸೆಯುವವನು ನಾನು, ಓಡುವವರಲ್ಲಿ ಒಬ್ಬಳು ಅವಳು. ಕಂಪ್ಯೂಟರ್ ಓಡಿಸುವವರಾದರೂ ಒಮ್ಮೊಮ್ಮೆ ಗೆರೆಯ ಮೇಲೆ ಇರುತ್ತಿದ್ದರು. ಇವಳು ಅಪ್ಪಿತಪ್ಪಿಯೂ ಇರುತ್ತಿರಲಿಲ್ಲ.

"ಅರೇ, ಕಿಧರ್ ಜಾ ರಹೀ ಹೈ? ಗೆರೆ ಕಾಣ್ತಾ ಇಲ್ವಾ ನಿನಗೆ?" ಎಂದು ಕೂಗುತ್ತಿದ್ದೆ. ಇಲ್ಲೇ ಹುಟ್ಟಿ ಬೆಳೆದವನು ನಾನು, ಸಿಟ್ಟು ಬಂದರೆ ಹಿಂದಿಯೇ ಮುಂದೆ.

ಉಡುಪಿ ಕಡೆಯವಳಾದ ಅವಳಿಗೆ ಸಿಟ್ಟೇ ಬರುತ್ತಿರಲಿಲ್ಲ. "ಅಲ್ಲಿ ಇಬ್ರು ದಡಿಯರು ನಿಂತಿದ್ದಾರೆ ಮಾರಾಯ್ರೆ. ಅಲ್ಲಿ ಹೋಗಿ ನಾನು ಎಂತ ಮಾಡ್ಲಿಕ್ಕುಂಟು? ನೀವು ನನ್ನನ್ನು ನೋಡಿ ಎಸೆಯುದಿಲ್ಲ, ಗೆರೆ ನೋಡಿ ಎಸೀತೀರಿ."

ಆ ದಿನಗಳಲ್ಲಿ ನನ್ನನ್ನು ನಿಜವಾಗಿ ಕೊರೆಯುತ್ತಿದ್ದದ್ದು ಬೇರೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮಲ್ಲಿಯ ಪದ್ಧತಿ. ಸೀಮಂತ ಮುಗಿಸಿ ಊರಿಗೆ ಹೋದರೆ ಮಗುವಿನೊಂದಿಗೆ ಅವಳು ತಿರುಗಿ ಬರುವುದಕ್ಕೆ ತಿಂಗಳುಗಟ್ಟಲೆ ಆಗುತ್ತದೆ. ಅಷ್ಟು ದಿನ ಅವಳಿಲ್ಲದ ಮನೆಯನ್ನು ನೆನೆದರೇ ನನಗೆ ಊಟ ಸೇರುತ್ತಿರಲಿಲ್ಲ. ಹೋಗಬೇಡ ಅನ್ನೋಣವೆಂದರೆ, ತವರಿಗೆ ಹೋಗುವ ಹೆಂಗಸಿಗೆ ಅಡ್ಡ ಬಂದವನಾಗುತ್ತೇನೆ. ಅವಳಿಗೂ ಅಮ್ಮನ ಕೈಯ ಆರೈಕೆ ಬೇಕಿರುತ್ತದೆ. ಹೀಗೆ ಎಲ್ಲವನ್ನೂ ನಾನೇ ಯೋಚಿಸಿ, ನಾನೇ ತೀರ್ಮಾನಿಸಿ, ಟಿಕೆಟ್ ತೆಗೆದು ಅವಳ ಕೈಗಿಟ್ಟೆ. ಅವಳು ನೋಡಿದಳು, ಕಪಾಟಿನಲ್ಲಿಟ್ಟಳು. ಮುಖದಲ್ಲಿ ಸಂತೋಷ ಕಾಣಲಿಲ್ಲ. ಯಾಕೆಂದು ತಿಳಿಯಲಿಲ್ಲ.

ಮುಂದಿನ ವಾರ ಅವಳನ್ನು ಡಾಕ್ಟರಿಗೆ ತೋರಿಸಲು ಠಾಣೆಗೆ ಹೋಗಬೇಕಿತ್ತು. ಅವಳ ಡಾಕ್ಟರು ಇದ್ದದ್ದು ಅಲ್ಲಿನ ಸ್ಟೇಷನ್ನಿನ ಪಕ್ಕದ ಕೋಪರಿಯಲ್ಲಿ. ಡೊಂಬಿವಲಿ ಸ್ಟೇಷನ್ನಿನಲ್ಲಿ ಲೇಡೀಸ್ ಡಬ್ಬಿ ನಿಲ್ಲುವ ಜಾಗದಲ್ಲಿ ಇರಲು ಅವಳಿಗೆ ಹೇಳಿ, ನಾನು ಟಿಕೆಟಿನ ಕ್ಯೂಗೆ ಹೋದೆ. ತಿರುಗಿ ಬಂದರೆ ಅಲ್ಲಿ ಅವಳಿಲ್ಲ. ಆಚೆ ಪ್ಲಾಟ್‌ಫಾರ್ಮಿನಲ್ಲಿ, ಠಾಣೆಗೆ ವಿರುದ್ಧ ದಿಕ್ಕಿನಲ್ಲಿ ಕಲ್ಯಾಣ್ ಕಡೆ ಹೋಗುವ ಗಾಡಿಗೆ, ಹೊಟ್ಟೆಯ ಮೇಲೊಂದು ಕೈಯಿಟ್ಟುಕೊಂಡು ನಿಧಾನವಾಗಿ ಹತ್ತುತ್ತಿದ್ದಾಳೆ!

ಕೂಗಿದೆ. ಕೇಳಿಸಲಿಲ್ಲ. ಫೋನ್ ಮಾಡಿದೆ. ಎತ್ತಲಿಲ್ಲ. ಗಾಡಿ ಹೊರಟೇಹೋಯಿತು. ಊರಿನ ರೈಲು ಕಲ್ಯಾಣಿನಿಂದ ಹೊರಡುವುದಿಲ್ಲ ಎಂದು ಗೊತ್ತಿದ್ದೂ, ಇವಳು ಈಗಲೇ ತವರಿಗೆ ಹೊರಟುಬಿಟ್ಟಳು ಅನ್ನಿಸಿತು. ಬೆನ್ನಟ್ಟಿ ಹೋಗಲೇ, ಇಲ್ಲೇ ನಿಲ್ಲಲೇ? ಸೇತುವೆಯ ಅರ್ಧ ಮೆಟ್ಟಿಲು ಹತ್ತಿ ಮತ್ತೆ ಇಳಿದೆ. ಕಣ್ಣಲ್ಲಿ ನೀರು ತುಂಬಿಕೊಂಡಿತು.

ಎಷ್ಟೋ ಹೊತ್ತಿನ ಮೇಲೆ ಕಲ್ಯಾಣಿನಿಂದ ಮುಂಬಯಿ ಕಡೆಯ ಗಾಡಿ ಬಂತು. ಲೇಡೀಸ್ ಡಬ್ಬಿಯ ಕಿಟಕಿಯಲ್ಲಿ ಅವಳು. ಆರಾಮವಾಗಿ ಕೂತಿದ್ದಾಳೆ. ಬೇಗ ಹತ್ತಿ ಎಂದು ಕೈಮಾಡುತ್ತಿದ್ದಾಳೆ. ಸೀಟು ಬೇಕಾದರೆ ಹಿಂದಕ್ಕೆ ಕಲ್ಯಾಣಿಗೆ ಹೋಗಿ, ಇಳಿಯದೆ ಅದೇ ಗಾಡಿಯಲ್ಲಿ ಕೂತು ಬರುವುದು ಡೊಂಬಿವಲಿಯವರ ಹಳೆಯ ವಿದ್ಯೆ. ಕಾಲೇಜಿಗೆ ಹೋಗುವಾಗ ನಾನೂ ಅದನ್ನೇ ಮಾಡಿದವನು. ಆ ಹೊತ್ತಿಗೆ ಅದೊಂದು ಬಿಟ್ಟು ಉಳಿದ ಅನಿಷ್ಟವೆಲ್ಲ ನನಗೆ ಹೊಳೆದಿತ್ತು.

ನಾನು ಪಕ್ಕದ ಡಬ್ಬಿ ಹತ್ತಿದೆ, ಠಾಣೆಯಲ್ಲಿ ಇಳಿದದ್ದೇ ಕೇಳಿದೆ. "ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಕೇಳ್ತೀರಾ ನೀವು? ನಿಂತ್ಕೊಂಡು ಬರ್ಲಿಕ್ಕೆ ನನ್ನಿಂದ ಆಗುದಿಲ್ಲ. ಪಕ್ಕದ ಮನೆಯ ಮೌಶಿ ಹೇಳಿಕೊಟ್ರು, ಹಾಗೆ ಬಂದೆ. ಫೋನು ಬ್ಯಾಗಿನ ಅಡಿಯಲ್ಲಿತ್ತು."

"ನಾನು ಯಾವಾಗ ಕೇಳಲಿಲ್ಲ?"

ಅವಳು ನಡೆಯುವುದನ್ನು ನಿಲ್ಲಿಸಿದಳು. ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. "ಊರಿಗೆ ಹೋಗುದಿಲ್ಲ, ಅಮ್ಮನನ್ನೇ ಇಲ್ಲಿಗೆ ಕರೆಸುವಾ ಅಂತ ಹೇಳ್ಲಿಲ್ವಾ ನಿಮಗೆ? ನೀವು ಆಯ್ತು ಅಂದ್ರಿ. ನಾನು ಅಮ್ಮನಿಗೆ ಹೇಳಿಯೂ ಆಯ್ತು. ಮರುದಿನ ನೋಡಿದ್ರೆ ನನ್ನ ಟಿಕೆಟ್ ತಂದ್ರಿ. ಇವರಿಗೆ ನನ್ನನ್ನು ಕಳಿಸುದೇ ಬೇಕು ಅಂತ ಗ್ರಹಿಸಿದೆ."

"ಯಾವಾಗ ಹೇಳಿದಿ?"

"ಆ ಆಟ ಆಡುವಾಗ. ಎರಡು ಸಲ ಹೇಳಿದ್ದೇನೆ."

ನನಗೆ ಒಂದಕ್ಷರವೂ ನೆನಪಾಗಲಿಲ್ಲ. ಇಂದಿಗೂ ನೆನಪಿಲ್ಲ. ಆಯ್ತು ಎಂದಿರಬೇಕು, ಪರದೆಯಲ್ಲಿ ಯಾವನೋ ಗೆರೆ ಬಿಟ್ಟಿದ್ದನ್ನು ನೋಡುತ್ತಾ. ನನಗೆ ಬೇಕಾದದ್ದನ್ನೇ ಅವಳು ಎದುರಿಗೆ ತಂದಿಟ್ಟಿದ್ದಳು. ನಾನೇ ದುಡ್ಡು ಕೊಟ್ಟು ಅದಕ್ಕೆ ವಿರುದ್ಧವಾದ ಟಿಕೆಟ್ ತೆಗೆದಿದ್ದೆ. "ನೀನು ಹೋಗೋದು ನನಗೆ ಒಂದು ಚೂರೂ ಇಷ್ಟ ಇಲ್ಲ," ಅಂದೆ. ಅವಳು ಸೆರಗಿನ ತುದಿಯಿಂದ ಮೂಗೊರೆಸಿಕೊಂಡು, "ಅದನ್ನು ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು?" ಅಂದಳು.

ಆ ಸಂಜೆ ಟಿಕೆಟ್ ರದ್ದು ಮಾಡಿ ಮತ್ತೆ ಆಟಕ್ಕೆ ಕೂತೆವು. ಓಟಗಾರರು ಎಂದಿನಂತೆ ದಿಕ್ಕೆಟ್ಟು ಓಡಿದರು. ದೋಷ ಗೇಮಿನದೋ ನನ್ನದೋ ಎಂಬುದು ಈಗಲೂ ತಿಳಿದಿಲ್ಲ. ಅವಳೂ ಗೆರೆ ಬಿಟ್ಟು ಎಲ್ಲಿಗೋ ಹೋದಳು, ನಾನು ಅವಳನ್ನೇ ನೋಡುತ್ತಿದ್ದೆ. ಚೆಂಡು ಎಸೆಯಬೇಕು ಅನ್ನುವಷ್ಟರಲ್ಲಿ ಪಕ್ಕದಿಂದ ಅವಳ ದನಿ ಕೇಳಿದ ಹಾಗಾಯಿತು. ತಕ್ಷಣ ಆಟ ನಿಲ್ಲಿಸಿ ಅವಳ ಕಡೆಗೆ ತಿರುಗಿದೆ.

"ಏನಂದಿ? ಇನ್ನೊಂದು ಸಲ ಹೇಳು."

ಅವಳು ನನ್ನ ಮುಖ ನೋಡಿ ನಕ್ಕುಬಿಟ್ಟಳು. "ಕುಡೀಲಿಕ್ಕೆ ನೀರು ಬೇಕು ಅಂದೆ ಮಾರಾಯ್ರೆ, ಅಷ್ಟೇ."

ಎದ್ದುಹೋಗಿ ತಂದುಕೊಟ್ಟೆ.